ಬಿಸಿ ಮಾಡಿದರೆ ಕುಗ್ಗುವ ಲೋಹ: ಆಧಾರದ ಮೇಲಿನ ನ್ಯಾನೊಕಣಗಳನ್ನು ಅಳೆಯುವ ಬಗೆ

ಪ್ಲಾಟಿನಂ ತಂತಿಯೊಂದನ್ನು 200 ಕೆಲ್ವಿನ್‌ನಿಂದ 600 ಕೆಲ್ವಿನ್‌ವರೆಗೆ ಕಾಯಿಸಿ. ಅದರೊಳಗೆ ಅಕ್ಕಪಕ್ಕ ಇರುವ ಎರಡು ಪರಮಾಣುಗಳ ನಡುವಿನ ಅಂತರ, ಅಂದರೆ ಸುಮಾರು 2.77 ಆಂಗ್‌ಸ್ಟ್ರಾಮ್ (ಹತ್ತು ಆಂಗ್‌ಸ್ಟ್ರಾಮ್ ಸೇರಿ ಒಂದು ನ್ಯಾನೊಮೀಟರ್), ಹೆಚ್ಚುಕಡಿಮೆ 0.01 ಆಂಗ್‌ಸ್ಟ್ರಾಮ್‌ನಷ್ಟು ಹಿಗ್ಗುತ್ತದೆ. ಅದೇ ಪ್ಲಾಟಿನಂ ಒಂದು ನ್ಯಾನೊಮೀಟರ್‌ಗೂ ಚಿಕ್ಕದಾದ ಗೊಂಚಲುಗಳಾಗಿ ಗ್ಯಾಮಾ ಅಲ್ಯೂಮಿನಾ ಎಂಬ ಅಲ್ಯೂಮಿನಿಯಂ ಆಕ್ಸೈಡ್ ಪುಡಿಯ ಆಧಾರದ ಮೇಲೆ ಕುಳಿತಿದ್ದರೆ ಲೆಕ್ಕ ತಿರುಗುತ್ತದೆ. ಹೀಲಿಯಂನಲ್ಲಿಟ್ಟು ಕಾಯಿಸಿದಂತೆ ಅಂತರ ಕಡಿಮೆಯಾಗುತ್ತ ಹೋಗುತ್ತದೆ. ಇದನ್ನು 2006ರಲ್ಲಿ ರಾಲ್ಫ್ ನುಝೊ, ಅನಟೊಲಿ ಫ್ರೆಂಕೆಲ್ ಮತ್ತು ಸಂಗಡಿಗರು ವರದಿ ಮಾಡಿದರು. ಮುಂದೆ 2010ರಲ್ಲಿ ಬಿಯಾಟ್ರಿಸ್ ರೊಲ್ಡನ್ ಕ್ವೆನ್ಯಾ ಅವರ ತಂಡ ಇಂಥ ಕಣಗಳ ಡಿಬೈ ತಾಪಮಾನ (ಹೆಚ್ಚಿದ್ದಷ್ಟೂ ಬಂಧ ಬಿಗಿ ಎಂದು ಹೇಳುವ ಅಳತೆ) ದೊಡ್ಡ ಲೋಹದ ತುಂಡಿಗಿಂತಲೂ ಹೆಚ್ಚಿರುವುದನ್ನು ತೋರಿಸಿತು. ಮೇಲ್ಮೈ ಪರಮಾಣುಗಳೇ ತುಂಬಿರುವ ಕಣ ಸಡಿಲವಾಗಿರಬೇಕು ಎಂದು ನಾವೆಲ್ಲ ಎಣಿಸುತ್ತೇವೆ. ಅದು ಬಿಗಿಯಾಗಿತ್ತು.

ಈ ಲೇಖನ ಇಂಥ ಅಳತೆಯನ್ನು ಮೊದಲ ಬಾರಿ ಕೈಗೆತ್ತಿಕೊಳ್ಳುವವರಿಗಾಗಿ: ಮಾದರಿ ತಯಾರಿಯಿಂದ ಹಿಡಿದು ಕೊನೆಯ ನಕ್ಷೆಯನ್ನು ನಂಬಬೇಕೋ ಬೇಡವೋ ಎಂಬ ತೀರ್ಮಾನದವರೆಗೆ. ನಾನು ಮತ್ತೆ ಮತ್ತೆ ಹೇಳಲಿರುವ ಮಾತು ಒಂದೇ. ನೀವು ಕಾಯಿಸುತ್ತಿರುವುದು ಬರೀ ಲೋಹವನ್ನಲ್ಲ. ಲೋಹ, ಅದರ ಕೆಳಗಿನ ಆಧಾರ, ಸುತ್ತಲಿನ ಅನಿಲ ಈ ಮೂರನ್ನೂ ಒಟ್ಟಿಗೆ ಕಾಯಿಸುತ್ತಿದ್ದೀರಿ. ಮೂರರಲ್ಲಿ ಎರಡನ್ನು ಹಿಡಿದು ನಿಲ್ಲಿಸದೆ ಮೂರನೆಯದರ ಬಗ್ಗೆ ಮಾತಾಡುವಂತಿಲ್ಲ.

ಹಂತ 1: ಯಾವ ಪ್ರಶ್ನೆ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ

"ಅಸಹಜ ಉಷ್ಣ ವರ್ತನೆ" ಎಂಬ ಒಂದೇ ಚೀಲದಲ್ಲಿ ಬೇರೆ ಬೇರೆ ಸಂಗತಿಗಳಿವೆ. ಕರಗುವ ಬಿಂದು ಇಳಿಯುವುದು ಒಂದು. ಇದನ್ನು 1909ರಲ್ಲಿ ಪಾವ್ಲೊವ್ ಲೆಕ್ಕ ಹಾಕಿ ಹೇಳಿದ್ದರು, 1954ರಲ್ಲಿ ತಕಾಗಿ ಎಲೆಕ್ಟ್ರಾನ್ ವಿವರ್ತನೆಯಿಂದ ಕಂಡರು, 1976ರಲ್ಲಿ ಬುಫಾ ಮತ್ತು ಬೊರೆಲ್ ಚಿನ್ನದ ಕಣಗಳ ಮೇಲೆ ವಿವರವಾಗಿ ಅಳೆದರು. ಗಟ್ಟಿ ಚಿನ್ನ 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ ಎರಡು ಮೂರು ನ್ಯಾನೊಮೀಟರ್‌ನ ಕಣ ಅದಕ್ಕಿಂತ ನೂರಾರು ಡಿಗ್ರಿ ಕೆಳಗೇ ಕರಗುತ್ತದೆ. ಇಳಿಕೆ ಸರಿಸುಮಾರು ತ್ರಿಜ್ಯಕ್ಕೆ ವಿಲೋಮವಾಗಿ ಹೋಗುತ್ತದೆ. ಕರಗುವ ಮೊದಲೇ ಆಕಾರ ಕದಲುವುದು ಎರಡನೆಯದು. 1986ರಲ್ಲಿ ಇಜಿಮಾ ಮತ್ತು ಇಚಿಹಾಶಿ ಸುಮಾರು ಎರಡು ನ್ಯಾನೊಮೀಟರ್‌ನ ಚಿನ್ನದ ಕಣ ಎಲೆಕ್ಟ್ರಾನ್ ಕಿರಣದಡಿ ಕ್ಷಣಕ್ಷಣಕ್ಕೂ ರೂಪ ಬದಲಿಸುವುದನ್ನು ಸೂಕ್ಷ್ಮದರ್ಶಕದಲ್ಲಿ ಹಿಡಿದರು. ಬಂಧ ಕುಗ್ಗುವುದು ಮೂರನೆಯದು. ಆಧಾರದ ಆಕ್ಸೈಡ್ ಕಣದ ಮೇಲೆ ಹತ್ತಿ ಮುಸುಕು ಹಾಕುವುದು ನಾಲ್ಕನೆಯದು. ಕಣಗಳು ಕೂಡಿಕೊಂಡು ದಪ್ಪಗಾಗುವ ಸಿಂಟರಿಂಗ್ ಐದನೆಯದು.

ಇವೆಲ್ಲವೂ ಒಂದೇ ಪ್ರಯೋಗದಲ್ಲಿ ಒಟ್ಟಿಗೆ ನಡೆಯಬಲ್ಲವು, ಒಂದು ಇನ್ನೊಂದರ ವೇಷ ತೊಡಬಲ್ಲದು. ಹಾಗಾಗಿ ನಿಮ್ಮ ದಿನಚರಿಯ ಮೊದಲ ಪುಟದಲ್ಲಿ ಒಂದು ಸಾಲು ಬರೆಯಿರಿ: ನಾನು ನೋಡಬೇಕಾದದ್ದು ಇದು, ಉಳಿದವು ನಡೆಯಬಾರದು, ನಡೆದರೆ ನನಗೆ ಹೀಗೆ ತಿಳಿಯುತ್ತದೆ. ಕೆಳಗೆ ನಾನು ಬಂಧ ಕುಗ್ಗುವಿಕೆಯನ್ನೇ ಮುಖ್ಯವಾಗಿ ಹಿಡಿದಿದ್ದೇನೆ. ಅತ್ಯಂತ ಸುಲಭವಾಗಿ ಮೋಸ ಹೋಗುವ ಜಾಗ ಅದು.

ಹಂತ 2: ಚಿಕ್ಕ, ಒಂದೇ ಅಳತೆಯ ಕಣಗಳನ್ನು ತಯಾರಿಸಿ

ಆಧಾರಕ್ಕೆ ಗ್ಯಾಮಾ ಅಲ್ಯೂಮಿನಾ ತೆಗೆದುಕೊಂಡರೆ ಅದರ ಮೇಲ್ಮೈ ನೀರಿನಲ್ಲಿ ಯಾವ ಆಮ್ಲೀಯತೆಯಲ್ಲಿ ವಿದ್ಯುದಂಶವಿಲ್ಲದೆ ಇರುತ್ತದೆ ಎಂಬುದು ಗೊತ್ತಿರಬೇಕು. ಅಲ್ಯೂಮಿನಾಕ್ಕೆ ಅದು ಪಿಎಚ್ 8ರ ಆಸುಪಾಸು. ಅದಕ್ಕಿಂತ ಕೆಳಗೆ ಮೇಲ್ಮೈ ಧನ ವಿದ್ಯುದಂಶ ಪಡೆಯುತ್ತದೆ, ಕ್ಲೋರೊಪ್ಲಾಟಿನಿಕ್ ಆಮ್ಲದ ಋಣ ಅಯಾನುಗಳನ್ನು ತನ್ನತ್ತ ಸೆಳೆಯುತ್ತದೆ. ಅಮೋನಿಯಾ ಕಟ್ಟಿಕೊಂಡ ಪ್ಲಾಟಿನಂ ಧನ ಅಯಾನನ್ನು ಬಳಸುವುದಾದರೆ ದ್ರಾವಣ ಅದಕ್ಕಿಂತ ಮೇಲಿರಬೇಕು. ಅಯಾನುಗಳು ಒಂದೊಂದಾಗಿ ಮೇಲ್ಮೈಗೆ ಅಂಟಿಕೊಂಡರೆ ಕಣಗಳು ಚಿಕ್ಕದಾಗಿಯೂ ಒಂದೇ ಅಳತೆಯಲ್ಲೂ ಬರುತ್ತವೆ. ರಂಧ್ರದೊಳಗಿನ ನೀರಿನಲ್ಲಿ ಸುಮ್ಮನೆ ತೇಲುತ್ತಿದ್ದರೆ, ಒಣಗುವಾಗ ನೀರು ಹಿಂದೆ ಸರಿದ ಮೂಲೆಯಲ್ಲಿ ಎಲ್ಲವೂ ಗುಡ್ಡೆ ಬೀಳುತ್ತವೆ.

ಪ್ಲಾಟಿನಂ ಪ್ರಮಾಣ ತೂಕದಲ್ಲಿ ಶೇಕಡಾ 1ರ ಸುತ್ತ ಇರಲಿ. 110ರಿಂದ 120 ಡಿಗ್ರಿಯಲ್ಲಿ ಒಣಗಿಸಿ, ನಿಧಾನವಾಗಿ, ನಿಮಿಷಕ್ಕೆ ಒಂದೆರಡು ಡಿಗ್ರಿಯಂತೆ ಏರಿಸುತ್ತ ಕಾಯಿಸಿ, ಆಮೇಲೆ ಹೈಡ್ರೋಜನ್‌ನಲ್ಲಿ ಸುಮಾರು 300 ಡಿಗ್ರಿಯಲ್ಲಿ ಅಪಕರ್ಷಿಸಿ. ಆತುರದಿಂದ ಏರಿಸಿದರೆ ಒಳಗಿನ ನೀರಾವಿಯೇ ಕಣಗಳನ್ನು ಅಲೆದಾಡಿಸಿ ಒಂದುಗೂಡಿಸುತ್ತದೆ. ಕ್ಲೋರೈಡ್ ಲವಣದಿಂದ ಹೊರಟಿದ್ದರೆ ಕ್ಲೋರಿನ್ ಆಧಾರದ ಮೇಲೆ ಉಳಿದಿರುವ ಸಾಧ್ಯತೆಯನ್ನು ಮರೆಯಬೇಡಿ. ಮುಂದೆ ಕ್ಷ-ಕಿರಣ ಹೀರಿಕೆಯ ಅಲೆಗಳಲ್ಲಿ ಕಾಣುವ ಹಗುರ ನೆರೆ ಪರಮಾಣುವೊಂದನ್ನು ಆಕ್ಸಿಜನ್ ಎಂದು ಓದಿ ಅದು ಕ್ಲೋರಿನ್ ಆಗಿದ್ದರೆ ಇಡೀ ವಿವರಣೆ ದಾರಿ ತಪ್ಪುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಪ್ಲಾಟಿನಂ ಮತ್ತು ಹೈಡ್ರೋಜನ್ ಕೂಡಿದ ಕಡೆ ಗಾಳಿ ನುಸುಳಬಾರದು. ಗಾಳಿಯಲ್ಲಿ ಹೈಡ್ರೋಜನ್ ಶೇಕಡಾ 4ರಿಂದ 75ರವರೆಗೆ ಹೊತ್ತಿಕೊಳ್ಳಬಲ್ಲದು, ಕಿಡಿಯ ಕೆಲಸವನ್ನು ಪ್ಲಾಟಿನಂ ತಾನೇ ಮಾಡುತ್ತದೆ. 1823ರಲ್ಲಿ ಡ್ಯೋಬರೈನರ್ ದೀಪ ಹೊತ್ತಿಸಿದ್ದು ಈ ಗುಣದಿಂದಲೇ. ಆಕ್ಸಿಜನ್‌ನಿಂದ ಹೈಡ್ರೋಜನ್‌ಗೆ ನೇರವಾಗಿ ಹೋಗಬೇಡಿ. ನಡುವೆ ಹೀಲಿಯಂ ಅಥವಾ ಆರ್ಗಾನ್ ಹಾಯಿಸಿ ಕೊಳವೆಗಳನ್ನು ತೊಳೆಯಿರಿ. ಹಿಂದಿರುಗುವಾಗಲೂ ಅದೇ ಕ್ರಮ.

ಹಂತ 3: ಗಾತ್ರವನ್ನು ಎರಡು ಬೇರೆ ದಾರಿಗಳಿಂದ ತಿಳಿಯಿರಿ

ಸಾಮಾನ್ಯ ಕ್ಷ-ಕಿರಣ ವಿವರ್ತನೆ ಇಲ್ಲಿ ಹೆಚ್ಚು ಸಹಾಯಕ್ಕೆ ಬರುವುದಿಲ್ಲ. ತಾಮ್ರದ ಕಿರಣದಲ್ಲಿ ಪ್ಲಾಟಿನಂನ ಮುಖ್ಯ ಶಿಖರ 39.8 ಡಿಗ್ರಿಯಲ್ಲಿ ಬರಬೇಕು. ಕಣ 1.5 ನ್ಯಾನೊಮೀಟರ್ ಇದ್ದರೆ ಶೆರರ್ ಸೂತ್ರದಂತೆ ಆ ಶಿಖರದ ಅಗಲವೇ ಐದೂವರೆ ಡಿಗ್ರಿ ದಾಟುತ್ತದೆ. ಅದೇ ಜಾಗದಲ್ಲಿ ಗ್ಯಾಮಾ ಅಲ್ಯೂಮಿನಾದ ದಪ್ಪ ಶಿಖರಗಳೂ ಹರಡಿಕೊಂಡಿವೆ. ಶಿಖರ ಕಾಣದಿದ್ದರೆ "ದೊಡ್ಡ ಕಣಗಳು ಹೆಚ್ಚಿಲ್ಲ" ಎಂದಷ್ಟೇ ಹೇಳಬಹುದು.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ಹೊರವಲಯದ ಚದುರಿದ ಎಲೆಕ್ಟ್ರಾನ್‌ಗಳನ್ನು ಹಿಡಿಯುವ ಬಗೆಯಲ್ಲಿ ಬಳಸಿ. ಭಾರದ ಪ್ಲಾಟಿನಂ ಹಗುರ ಅಲ್ಯೂಮಿನಾದ ಮೇಲೆ ಬೆಳ್ಳಗೆ ಹೊಳೆಯುತ್ತದೆ. ಕೆಲವು ನೂರು ಕಣಗಳನ್ನಾದರೂ ಎಣಿಸಿ, ಸರಾಸರಿಯ ಜೊತೆಗೆ ಇಡೀ ಹಂಚಿಕೆಯನ್ನೂ ಬರೆದಿಡಿ.

ಎರಡನೆಯ ದಾರಿ ನೆರೆಯ ಸಂಖ್ಯೆ: ಒಂದು ಪ್ಲಾಟಿನಂ ಪರಮಾಣುವಿಗೆ ಸರಾಸರಿ ಎಷ್ಟು ಪ್ಲಾಟಿನಂ ನೆರೆಗಳಿವೆ ಎಂಬುದು. ಇದು ಸಿಗುವುದು ಐದನೆಯ ಹಂತದಲ್ಲಿ ಬರುವ ಕ್ಷ-ಕಿರಣ ಹೀರಿಕೆಯ ಅಳತೆಯಿಂದ. ದೊಡ್ಡ ಲೋಹದಲ್ಲಿ ಅದು 12. ಗೊಂಚಲು ಚಿಕ್ಕದಾದಂತೆ ಅಂಚಿನ ಪರಮಾಣುಗಳು ಹೆಚ್ಚಿ ಸರಾಸರಿ ಇಳಿಯುತ್ತದೆ. ಘನಾಷ್ಟಫಲಕದ ಆಕಾರದಲ್ಲಿ 13 ಪರಮಾಣುಗಳಿದ್ದರೆ ನಡುವಿನ ಒಂದಕ್ಕೆ 12 ನೆರೆ, ಹೊರಗಿನ ಹನ್ನೆರಡಕ್ಕೂ ತಲಾ 5. ಒಟ್ಟು 72ನ್ನು 13ರಿಂದ ಭಾಗಿಸಿದರೆ 5.54. ಅದೇ ಆಕಾರದಲ್ಲಿ 55 ಪರಮಾಣುಗಳಿಗೆ 7.85, 147ಕ್ಕೆ 8.98, 309ಕ್ಕೆ 9.63. ಆಧಾರದ ಮೇಲೆ ಒಂದೇ ಪದರವಾಗಿ ಚಪ್ಪಟೆ ಮಲಗಿದ 7 ಪರಮಾಣುಗಳ ಬಿಲ್ಲೆಯಾದರೆ ಬರೀ 3.43.

ಈಗ ಒಂದು ಲೆಕ್ಕವನ್ನು ಕಾಗದದ ಮೇಲೆ ನೀವೇ ಹಾಕಿ ನೋಡಿ. ಮಾದರಿಯಲ್ಲಿ 25 ಕಣಗಳಿವೆ ಎಂದುಕೊಳ್ಳೋಣ. ಅವುಗಳಲ್ಲಿ 24 ಕಣಗಳು 13 ಪರಮಾಣುಗಳವು, ಒಂದು ಮಾತ್ರ 309ರದು. ಕ್ಷ-ಕಿರಣ ಕಣಗಳನ್ನು ಎಣಿಸುವುದಿಲ್ಲ, ಪರಮಾಣುಗಳನ್ನು ಎಣಿಸುತ್ತದೆ. 24 ಚಿಕ್ಕವುಗಳ 312 ಪರಮಾಣುಗಳಿಂದ 1728 ನೆರೆಗಳು, ದೊಡ್ಡದೊಂದರಿಂದಲೇ 2976. ಒಟ್ಟು 4704ನ್ನು 621ರಿಂದ ಭಾಗಿಸಿದರೆ 7.6. ಪಟ್ಟಿ ನೋಡಿದವರು "55 ಪರಮಾಣುಗಳಿಗೆ ಹತ್ತಿರದ ಕಣ" ಎಂದು ಬರೆಯುತ್ತಾರೆ. ಮಾದರಿಯಲ್ಲಿ ಅಂಥ ಕಣ ಒಂದೂ ಇಲ್ಲ! ಸೂಕ್ಷ್ಮದರ್ಶಕದ ಹಂಚಿಕೆ ಪಕ್ಕದಲ್ಲಿ ಇರಲೇಬೇಕು ಎನ್ನುವುದು ಇದಕ್ಕೇ. ಎರಡೂ ಅಳತೆಗಳು ಒಪ್ಪದಿದ್ದರೆ ಮುಂದಿನ ಹಂತಕ್ಕೆ ಹೋಗಬೇಡಿ. ಹೊಸ ಮಾದರಿ ತಯಾರಿಸಿ. ಈ ಒಂದು ವಿಷಯದಲ್ಲಿ ರಾಜಿಯಾದರೆ ತಿಂಗಳುಗಳ ಕೆಲಸ ನೀರಿಗೆ ಹೋಗುತ್ತದೆ.

ಹಂತ 4: ತಾಪಮಾನ ನಿಜವಾಗಿ ಎಷ್ಟು ಎಂದು ತಿಳಿದುಕೊಳ್ಳಿ

ಇದಕ್ಕೆ ಪ್ರತ್ಯೇಕ ಹಂತವೇ ಬೇಕೆ ಎಂದು ಅನ್ನಿಸಬಹುದು. ಬೇಕು. ಅಳತೆಯ ಕೋಶದಲ್ಲಿ ಪುಡಿಯನ್ನು ಬಿಲ್ಲೆಯಾಗಿ ಒತ್ತಿ ಕೂರಿಸಿರುತ್ತೇವೆ. ತಾಪಮಾನ ಅಳೆಯುವ ಥರ್ಮೋಕಪಲ್ ಮಾತ್ರ ಎಷ್ಟೋ ಕೋಶಗಳಲ್ಲಿ ಕಾಯುವ ಲೋಹದ ತುಂಡಿಗೆ ತಾಗಿರುತ್ತದೆ. ಬಿಲ್ಲೆಯನ್ನು ಮುಟ್ಟಿರುವುದಿಲ್ಲ. ಶಾಖ ಬಿಲ್ಲೆಗೆ ತಲುಪುವುದು ಬಹುಪಾಲು ಅನಿಲದ ಮೂಲಕ. ಹೀಲಿಯಂ, ಹೈಡ್ರೋಜನ್ ಎರಡೂ ಶಾಖವನ್ನು ಚೆನ್ನಾಗಿ ಒಯ್ಯುತ್ತವೆ. ಸಾರಜನಕದ ಶಾಖವಾಹಕತೆ ಹೀಲಿಯಂನ ಸುಮಾರು ಆರನೇ ಒಂದು ಭಾಗ, ಆರ್ಗಾನ್‌ನದು ಅದಕ್ಕೂ ಕಡಿಮೆ.

ನಾನು ಕಲಿಯುತ್ತಿದ್ದ ದಿನಗಳಲ್ಲಿ ಹೀಲಿಯಂ ಸಿಲಿಂಡರ್ ಖಾಲಿಯಾಯಿತೆಂದು ಸಾರಜನಕಕ್ಕೆ ಬದಲಾಯಿಸಿ ಅಳತೆ ಮುಂದುವರಿಸಿದೆ. ನಿಯಂತ್ರಕದ ಪರದೆಯಲ್ಲಿ ಅದೇ 600 ಕೆಲ್ವಿನ್. ನಕ್ಷೆಯಲ್ಲಿ ಮಾತ್ರ ಅರ್ಧದಿಂದಾಚೆ ಬಿಂದುಗಳೆಲ್ಲ ಬೇರೆಯೇ ಗೆರೆಯ ಮೇಲೆ ಸಾಲಾಗಿ ನಿಂತಿದ್ದವು. ಒಂದಿಡೀ ರಾತ್ರಿ ಅದನ್ನು ಅನಿಲಕ್ಕೂ ಲೋಹಕ್ಕೂ ನಡುವಿನ ಏನೋ ಹೊಸ ಸಂಬಂಧವೆಂದು ನಂಬಿದ್ದೆ. ಮರುದಿನ ಬಿಲ್ಲೆಯ ಜಾಗದಲ್ಲಿ ಪ್ಲಾಟಿನಂ ಹಾಳೆಯನ್ನಿಟ್ಟು ಅಳೆದಾಗ ತಿಳಿದದ್ದು: ಸಾರಜನಕದಲ್ಲಿ ಮಾದರಿ ಪರದೆಯ ಅಂಕಿಗಿಂತ 40 ಕೆಲ್ವಿನ್‌ನಷ್ಟು ತಣ್ಣಗಿತ್ತು.

ಆ ಹಾಳೆಯ ಉಪಾಯವನ್ನು ನೀವು ಮೊದಲೇ ಮಾಡಿ. ಹಾಳೆಯಲ್ಲಿ ಎರಡು ನೆರೆ ಪರಮಾಣುಗಳ ಅಂತರ ಎಷ್ಟು ಅಲ್ಲಾಡುತ್ತದೆ ಎಂಬುದು, ಅಂದರೆ ಅಂತರದ ಏರಿಳಿತದ ವರ್ಗ ಸರಾಸರಿ, ತಾಪಮಾನದೊಂದಿಗೆ ಹೇಗೆ ಏರುತ್ತದೆ ಎಂದು, ಬಂಧವನ್ನು ಒಂದೇ ಲಯದಲ್ಲಿ ಕಂಪಿಸುವ ಸ್ಪ್ರಿಂಗ್‌ನಂತೆ ನೋಡುವ ಐನ್‌ಸ್ಟೈನ್ ಮಾದರಿಯಿಂದ ಲೆಕ್ಕ ಹಾಕಬಹುದು. ಆ ಸ್ಪ್ರಿಂಗ್‌ನ ಬಿಗಿತವನ್ನು ಹೇಳುವ ಐನ್‌ಸ್ಟೈನ್ ತಾಪಮಾನವನ್ನು 180 ಕೆಲ್ವಿನ್ ಎಂದು ಹಿಡಿದರೆ ಅದು 100 ಕೆಲ್ವಿನ್‌ನಲ್ಲಿ 0.0019, 300ರಲ್ಲಿ 0.0047, 600ರಲ್ಲಿ 0.0093 ಚದರ ಆಂಗ್‌ಸ್ಟ್ರಾಮ್. ನಿಯಂತ್ರಕ 600 ಎಂದು ಹೇಳುತ್ತಿರುವಾಗ ಹಾಳೆ 0.0087 ತೋರಿಸಿದರೆ ನಿಜವಾದ ತಾಪಮಾನ 560ರ ಸುತ್ತ ಎಂದರ್ಥ. ಬಳಸಲಿರುವ ಪ್ರತಿ ಅನಿಲದಲ್ಲೂ, ಪ್ರತಿ ಹರಿವಿನ ವೇಗದಲ್ಲೂ ಈ ತಿದ್ದುಪಡಿಯ ಪಟ್ಟಿಯನ್ನು ಮಾಡಿಟ್ಟುಕೊಳ್ಳಿ.

ಅದೇ ಅಂಕಿಗಳು ಇನ್ನೊಂದು ವಿಷಯವನ್ನೂ ಹೇಳುತ್ತವೆ. 0.0047ರ ವರ್ಗಮೂಲ ಸುಮಾರು 0.07. ಕೋಣೆಯ ತಾಪಮಾನದಲ್ಲೇ ಬಂಧ 0.07 ಆಂಗ್‌ಸ್ಟ್ರಾಮ್‌ನಷ್ಟು ತುಯ್ಯುತ್ತಿದೆ. ನೀವು ಹುಡುಕುತ್ತಿರುವುದು ಆ ತುಯ್ದಾಟದ ನಟ್ಟನಡುವಿನ ಬಿಂದು 0.01ರಷ್ಟು ಎತ್ತ ಸರಿಯಿತು ಎಂಬುದನ್ನು. ಈ ಪ್ರಮಾಣ ಮನಸ್ಸಿನಲ್ಲಿದ್ದರೆ ಮುಂದಿನ ಹಂತಗಳ ಕಟ್ಟುನಿಟ್ಟು ಅತಿಯೆನ್ನಿಸುವುದಿಲ್ಲ.

ಹಂತ 5: ಅಳತೆಯ ಕ್ರಮ

ಎಕ್ಸಾಫ್ಸ್ ಎನ್ನುವ ಕ್ಷ-ಕಿರಣ ಹೀರಿಕೆಯ ವಿಧಾನ ಇದಕ್ಕೆ ತಕ್ಕ ಸಾಧನ. ಪ್ಲಾಟಿನಂನ ಎಲ್-3 ಅಂಚು, ಅಂದರೆ ಹೀರಿಕೆ ಥಟ್ಟನೆ ಜಿಗಿಯುವ ಶಕ್ತಿ, 11,564 ಎಲೆಕ್ಟ್ರಾನ್ ವೋಲ್ಟ್‌ನಲ್ಲಿದೆ. ಅದರಾಚೆ ಹೀರಿಕೆಯಲ್ಲಿ ಏಳುವ ಸಣ್ಣ ಅಲೆಗಳಲ್ಲಿ ನೆರೆಯ ದೂರ, ಸಂಖ್ಯೆ, ತುಯ್ದಾಟ ಮೂರೂ ಬರೆದಿರುತ್ತವೆ. ಸ್ಫಟಿಕದ ದೀರ್ಘ ಕ್ರಮ ಇದಕ್ಕೆ ಬೇಕಿಲ್ಲ. ಹದಿಮೂರು ಪರಮಾಣುಗಳ ಗೊಂಚಲೂ ಮಾತಾಡುತ್ತದೆ. ಇದಕ್ಕೆ ಬೇಕಾದ ತೀವ್ರ ಕ್ಷ-ಕಿರಣ ಕೊಡುವ ಸಿಂಕ್ರೋಟ್ರಾನ್‌ನಲ್ಲಿ ಸಿಗುವ ಸಮಯ ಯಾವಾಗಲೂ ಕಡಿಮೆ, ಹಾಗಾಗಿ ಕ್ರಮವನ್ನು ಮೊದಲೇ ಬರೆದಿಟ್ಟುಕೊಂಡು ಹೋಗಿ. ನಾನು ಪಾಲಿಸುವ ಕ್ರಮ ಇದು.

ಮೊದಲು ಕೋಶದಲ್ಲೇ ಹೈಡ್ರೋಜನ್ ಹಾಯಿಸಿ 300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮತ್ತೊಮ್ಮೆ ಅಪಕರ್ಷಿಸಿ. ದಾರಿಯಲ್ಲಿ ಗಾಳಿ ತಾಗಿದ ಒಂದು ನ್ಯಾನೊಮೀಟರ್‌ನ ಕಣ ಬಹುಪಾಲು ಆಕ್ಸೈಡ್ ಆಗಿರುತ್ತದೆ. ಅಂಚಿನಲ್ಲಿ ಏಳುವ, ಆಕ್ಸೈಡ್ ಆದಷ್ಟೂ ಎತ್ತರವಾಗುವ "ಬಿಳಿ ಗೆರೆ" ಎಂಬ ಶಿಖರ ಇಳಿದು ನಿಲ್ಲುವವರೆಗೆ ಕಾಯಿರಿ. ಆಮೇಲೆ ತಾಪಮಾನ ಇಳಿಸದೆಯೇ ಹೀಲಿಯಂಗೆ ಬದಲಾಯಿಸಿ ಮೇಲ್ಮೈಯ ಹೈಡ್ರೋಜನ್ ಪೂರ್ತಿ ಹೊರಟುಹೋಗಲು ಬಿಡಿ. ಅನಂತರವೇ ತಣಿಸಿ. ತಣಿಸಿದ ಮೇಲೆ ಅನಿಲ ಬದಲಾಯಿಸಿದರೆ ಹೈಡ್ರೋಜನ್ ಕಣಕ್ಕೆ ಅಂಟಿಕೊಂಡೇ ಉಳಿಯುತ್ತದೆ.

ಈ ಅಂಟಿಕೊಂಡ ಹೈಡ್ರೋಜನ್ ಇಡೀ ಕಥೆಯ ಅರ್ಧ. ಹೈಡ್ರೋಜನ್ ಹೊದ್ದ ಪ್ಲಾಟಿನಂ ಕಣದಲ್ಲಿ ಬಂಧಗಳು ಸಡಿಲಗೊಂಡು ದೊಡ್ಡ ಲೋಹದ ಉದ್ದಕ್ಕೆ ಹತ್ತಿರ ಬರುತ್ತವೆ. ಕಾಯಿಸಿದಂತೆ ಹೊದಿಕೆ ಕಳಚುತ್ತದೆ, ಬಂಧ ಕುಗ್ಗುತ್ತದೆ. ನಕ್ಷೆಯಲ್ಲಿ ಅದೂ "ಬಿಸಿಯಾದರೆ ಕುಗ್ಗಿತು" ಎಂದೇ ಕಾಣುತ್ತದೆ. ಅದು ಉಷ್ಣದ ಪರಿಣಾಮವಲ್ಲ, ಹೊದಿಕೆ ಬದಲಾದ ಪರಿಣಾಮ. ಎರಡನ್ನೂ ಬೇರ್ಪಡಿಸಲು ಎರಡೂ ಅನಿಲಗಳಲ್ಲಿ ಪ್ರತ್ಯೇಕ ಸರಣಿ ತೆಗೆಯಲೇಬೇಕು. ಹೀಲಿಯಂ ಸರಣಿಗೆ ಅನಿಲ ಶುದ್ಧೀಕರಿಸುವ ಬಲೆಯನ್ನು ಕೊಳವೆಗೆ ಸೇರಿಸಿ. ಆಕ್ಸಿಜನ್ ಅಥವಾ ನೀರಾವಿಯ ಸುಳಿವೂ ಗಂಟೆಗಳ ಅವಧಿಯಲ್ಲಿ ಇಷ್ಟು ಚಿಕ್ಕ ಕಣವನ್ನು ಬದಲಾಯಿಸಬಲ್ಲದು. ಬಿಳಿ ಗೆರೆ ಸರಣಿಯುದ್ದಕ್ಕೂ ನಿಮ್ಮ ಕಾವಲುಗಾರ. ಪ್ರತಿ ಅಳತೆಯಲ್ಲೂ ಅದನ್ನು ನೋಡಿ.

ತಾಪಮಾನದ ಏಣಿಯನ್ನು ಒಂದೇ ದಿಕ್ಕಿನಲ್ಲಿ ಹತ್ತಿ ಮುಗಿಸಬೇಡಿ. ಏರಿ, ಮತ್ತೆ ಇಳಿಯುತ್ತ, ಕನಿಷ್ಠ ಮೂರು ತಾಪಮಾನಗಳಲ್ಲಾದರೂ ಮರು ಅಳತೆ ತೆಗೆಯಿರಿ. ಇಳಿಯುವಾಗ ನೆರೆಯ ಸಂಖ್ಯೆ ಮೊದಲಿನದಕ್ಕೇ ಬಂದು ನಿಂತರೆ ಕಣಗಳು ಕೂಡಿಕೊಂಡಿಲ್ಲ. ಹೆಚ್ಚಾಗಿದ್ದರೆ ಸಿಂಟರಿಂಗ್ ಆಗಿದೆ, ಆ ಸರಣಿಯಿಂದ ಉಷ್ಣ ವರ್ತನೆಯ ಬಗ್ಗೆ ಏನನ್ನೂ ಹೇಳಲಾಗದು. ಎಲ್ಲಿಯವರೆಗೆ ಏರಬಹುದು ಎಂಬುದಕ್ಕೆ ಒಂದು ಒರಟು ಅಂದಾಜಿದೆ: ಲೋಹದ ಕರಗುವ ಬಿಂದುವಿನ ಸುಮಾರು 0.3 ಪಾಲು ದಾಟಿದರೆ ಮೇಲ್ಮೈ ಪರಮಾಣುಗಳು, 0.5 ಪಾಲು ದಾಟಿದರೆ ಒಳಗಿನವೂ ಚಲಿಸತೊಡಗುತ್ತವೆ. ಪ್ಲಾಟಿನಂ ಕರಗುವುದು 2041 ಕೆಲ್ವಿನ್‌ನಲ್ಲಿ. ಹಾಗಾಗಿ ಆ ಗಡಿಗಳು 612 ಮತ್ತು 1020 ಕೆಲ್ವಿನ್. ಚಿಕ್ಕ ಕಣಕ್ಕೆ ಇವು ಇನ್ನೂ ಕೆಳಗಿರಬಹುದು. ಅದಕ್ಕೆಂದೇ ನಾನು 600 ಕೆಲ್ವಿನ್ ಮೀರಿ ಹೋಗುವುದಿಲ್ಲ. ಆಕ್ಸಿಜನ್ ಇರುವ ಕಡೆ ಈ ಅಂದಾಜೂ ಕೆಲಸಕ್ಕೆ ಬಾರದು: ಪ್ಲಾಟಿನಂ ಆವಿಯಾಗಬಲ್ಲ ಆಕ್ಸೈಡ್ ಆಗಿ ಒಂದು ಕಣದಿಂದ ಇನ್ನೊಂದಕ್ಕೆ ಅನಿಲದ ಮೂಲಕವೇ ಪ್ರಯಾಣ ಮಾಡುತ್ತದೆ. ಸೀರಿಯಂ ಆಕ್ಸೈಡ್ ಆ ಆವಿಯನ್ನು ಹಿಡಿದು, 800 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲೂ ಒಂಟಿ ಪರಮಾಣುಗಳಾಗಿ ಕಟ್ಟಿಹಾಕುತ್ತದೆ ಎಂದು 2016ರಲ್ಲಿ ಅಭಯ ದಾತ್ಯೆ ಅವರ ತಂಡ ತೋರಿಸಿದ್ದು ಈ ಕ್ಷೇತ್ರದ ಸೊಗಸಾದ ಕೆಲಸಗಳಲ್ಲಿ ಒಂದು.

ಹಂತ 6: ಕುಗ್ಗಿದೆ ಎಂದು ಕಂಡಾಗ ಮೊದಲು ನಿಮ್ಮ ವಿಶ್ಲೇಷಣೆಯನ್ನೇ ಅನುಮಾನಿಸಿ

ಬಂಧದ ಉದ್ದದ ಹಂಚಿಕೆ ಎರಡೂ ಕಡೆ ಸಮನಾದ ಗಂಟೆಯಾಕಾರದಲ್ಲಿದೆ ಎಂದು ಸಾಮಾನ್ಯ ಎಕ್ಸಾಫ್ಸ್ ಸೂತ್ರ ಊಹಿಸುತ್ತದೆ. ಬಿಸಿಯಾದ ಬಂಧ ಹಾಗಿರುವುದಿಲ್ಲ. ಹತ್ತಿರ ಬರಲು ಪರಮಾಣುಗಳ ನಡುವೆ ಗಟ್ಟಿಯಾದ ಗೋಡೆ ಇದೆ, ದೂರ ಹೋಗಲು ದಾರಿ ಸಲೀಸು. ಹಾಗಾಗಿ ಹಂಚಿಕೆಗೆ ಉದ್ದನೆಯ ಕಡೆ ಬಾಲ ಬೆಳೆಯುತ್ತದೆ. ಬಾಲದಲ್ಲಿರುವ ಉದ್ದ ಬಂಧಗಳ ಅಲೆಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಚಿಕ್ಕ ಬಂಧಗಳ ಅಲೆಗಳಷ್ಟೇ ಉಳಿಯುತ್ತವೆ. ಗಂಟೆಯಾಕಾರದ ಸೂತ್ರ ಉಳಿದವುಗಳನ್ನಷ್ಟೇ ನೋಡಿ "ಬಂಧ ಕುಗ್ಗಿದೆ" ಎನ್ನುತ್ತದೆ. 1979ರಲ್ಲೇ ಐಸೆನ್‌ಬರ್ಗರ್ ಮತ್ತು ಬ್ರೌನ್ ಸತುವಿನ ಉದಾಹರಣೆಯಿಂದ ಈ ಬಲೆಯನ್ನು ತೋರಿಸಿದ್ದರು. ಹಿಗ್ಗಿದ ಲೋಹ ಕುಗ್ಗಿದಂತೆ ಕಾಣುವುದು ಹೀಗೆ.

ಇದರಿಂದ ಪಾರಾಗಲು ಮೂರನೆಯ ಕ್ಯುಮ್ಯುಲೆಂಟ್ ಎಂಬ ಓರೆತನದ ಅಳತೆಯನ್ನು ಹೊಂದಿಕೆಯಲ್ಲಿ, ಅಂದರೆ ಸೂತ್ರವನ್ನು ದತ್ತಾಂಶಕ್ಕೆ ಕೂಡಿಸುವ ಲೆಕ್ಕದಲ್ಲಿ, ಸೇರಿಸಬೇಕು. ಆದರೆ ಅದು, ಅಂಚಿನ ಶಕ್ತಿಯ ತಿದ್ದುಪಡಿ ಮತ್ತು ಬಂಧದ ಉದ್ದ ಒಂದನ್ನೊಂದು ಜಗ್ಗುತ್ತವೆ: ಒಂದನ್ನು ಸ್ವಲ್ಪ ಸರಿಸಿದರೆ ಇನ್ನೆರಡು ಸರಿದು ಹೊಂದಿಕೆಯನ್ನು ಅಷ್ಟೇ ಚೆನ್ನಾಗಿ ಉಳಿಸುತ್ತವೆ. ಪ್ರತಿ ತಾಪಮಾನದ ದತ್ತಾಂಶವನ್ನು ಬೇರೆ ಬೇರೆಯಾಗಿ ಹೊಂದಿಸಿದರೆ ಈ ಜಗ್ಗಾಟವೇ ನಿಮ್ಮ ನಕ್ಷೆಯಾಗುತ್ತದೆ. ಎಲ್ಲ ತಾಪಮಾನಗಳನ್ನೂ ಒಟ್ಟಿಗೆ ಹೊಂದಿಸಿ. ನೆರೆಯ ಸಂಖ್ಯೆ ಮತ್ತು ಅಂಚಿನ ತಿದ್ದುಪಡಿ ಎಲ್ಲಕ್ಕೂ ಒಂದೇ ಇರಲಿ, ಅಲೆಯ ಎತ್ತರದ ಗುಣಾಂಕವನ್ನು ಹಾಳೆಯಿಂದ ತಂದು ಕಟ್ಟಿಬಿಡಿ, ತುಯ್ದಾಟ ಐನ್‌ಸ್ಟೈನ್ ಗೆರೆಯ ಮೇಲೆ ನಡೆಯಲಿ, ಬಂಧದ ಉದ್ದ ಮತ್ತು ಓರೆತನ ಮಾತ್ರ ಸ್ವತಂತ್ರವಾಗಿ ಬದಲಾಗಲಿ. ತರಂಗಸಂಖ್ಯೆಯ ವ್ಯಾಪ್ತಿಯನ್ನು ಎಲ್ಲ ತಾಪಮಾನಗಳಿಗೂ ಒಂದೇ ಇಡಿ. ಮತ್ತೆ ತೂಕ 1, 2, 3 ಮೂರರಲ್ಲೂ, ಅಂದರೆ ಅಲೆಗಳನ್ನು ತರಂಗಸಂಖ್ಯೆಯ ಆ ಘಾತಗಳಿಂದ ಗುಣಿಸಿ, ಹೊಂದಿಸಿ ನೋಡಿ. ಉತ್ತರ ತೂಕದೊಂದಿಗೆ ಬದಲಾದರೆ ಅದು ಉತ್ತರವಲ್ಲ.

ಇನ್ನೊಂದು ಸರಳ ಪರೀಕ್ಷೆ ನನಗೆ ಬಹಳ ಇಷ್ಟ. ಅದೇ ಕೋಶ, ಅದೇ ಅನಿಲ, ಅದೇ ಹೊಂದಿಕೆಯ ಕಡತ. ಮಾದರಿಯ ಜಾಗದಲ್ಲಿ ಐದಾರು ನ್ಯಾನೊಮೀಟರ್‌ನ ಕಣಗಳಿರುವ ಪ್ಲಾಟಿನಂ-ಅಲ್ಯೂಮಿನಾ. ಅದು ದೊಡ್ಡ ಲೋಹದಂತೆ ಹಿಗ್ಗಬೇಕು. ಹಿಗ್ಗದಿದ್ದರೆ ತಪ್ಪು ನಿಮ್ಮ ಕಡತದಲ್ಲಿದೆ.

ತುಯ್ದಾಟದ ನಕ್ಷೆಯನ್ನು ಬಿಡಿಸಿ ಓದಿ. ತಾಪಮಾನ ಇಳಿದಂತೆ ಅದೂ ಇಳಿಯುತ್ತದೆ, ಆದರೆ ಚಿಕ್ಕ ಕಣದಲ್ಲಿ ದೊಡ್ಡ ಲೋಹದ ಮಟ್ಟಕ್ಕೆ ಎಂದೂ ಇಳಿಯುವುದಿಲ್ಲ. ಆ ಉಳಿಕೆ ಸ್ಥಿರ ಅಸ್ತವ್ಯಸ್ತತೆ: ಅಂಚಿನಲ್ಲಿ, ಮೂಲೆಯಲ್ಲಿ, ಆಧಾರವನ್ನು ತಾಗಿದ ಕಡೆ ಬಂಧಗಳ ಉದ್ದವೇ ಬೇರೆ ಬೇರೆ. ತಾಪಮಾನದೊಂದಿಗೆ ಏರುವ ಇಳಿಜಾರು ಮಾತ್ರ ನಿಜವಾದ ಕಂಪನ. ಈ ಎರಡನ್ನೂ ಬೇರ್ಪಡಿಸದೆ, ಒಂದೇ ತಾಪಮಾನದ ಅಂಕಿ ಹಿಡಿದು "ಬಂಧ ಸಡಿಲವಾಗಿದೆ" ಎನ್ನುವ ಬರಹಗಳನ್ನು ಓದಿದಾಗ ನನಗೆ ಬೇಸರವಾಗುತ್ತದೆ. ಇಳಿಜಾರು ಕಡಿಮೆಯಿದ್ದರೆ ಬಂಧ ಬಿಗಿಯಾಗಿದೆ, ಉಳಿಕೆ ಎಷ್ಟೇ ದೊಡ್ಡದಿರಲಿ.

ಹಂತ 7: ಆಧಾರವನ್ನು ಬದಲಾಯಿಸಿ ನೋಡಿ

ಇಷ್ಟೆಲ್ಲ ದಾಟಿಯೂ ಕುಗ್ಗುವಿಕೆ ಉಳಿದರೆ, ಈಗ ಅದನ್ನು ವಿವರಿಸಲು ಹೊರಡಬಹುದು. ಜಾನ್ ರೇರ್ ಮತ್ತು ಫರ್ನಾಂಡೊ ವಿಲಾ ಅವರ ಗಣಕ ಅನುಕರಣೆಗಳು ಕೊಟ್ಟ ಚಿತ್ರ ನನಗೆ ಒಪ್ಪಿಗೆಯಾಗುತ್ತದೆ. ಅದರಲ್ಲಿ ಗೊಂಚಲು ಆಧಾರದ ಮೇಲೆ ಅಲುಗಾಡದೆ ಕುಳಿತ ಕಲ್ಲಲ್ಲ. ಪಿಕೊಸೆಕೆಂಡುಗಳ ಲಯದಲ್ಲಿ ಅದು ಇಡಿಯಾಗಿ ತೂಗುತ್ತದೆ, ಮೇಲ್ಮೈಯ ಆಕ್ಸಿಜನ್‌ಗಳೊಂದಿಗಿನ ಬಂಧಗಳನ್ನು ಬಿಡುತ್ತ ಕಟ್ಟುತ್ತ ಇರುತ್ತದೆ. ಬಂಧ ಕಟ್ಟಿ ಬಿಡುವ ಈ ಆಟದಲ್ಲಿ ವಿದ್ಯುದಂಶ ಆಧಾರಕ್ಕೂ ಲೋಹಕ್ಕೂ ನಡುವೆ ಹೋಗಿ ಬರುತ್ತದೆ. ತಾಪಮಾನ ಏರಿದಂತೆ ಈ ಆಟದ ಸರಾಸರಿ ಬದಲಾಗುತ್ತದೆ, ಪ್ಲಾಟಿನಂ-ಪ್ಲಾಟಿನಂ ಅಂತರವೂ ಅದರ ಜೊತೆ ಸರಿಯುತ್ತದೆ.

ಹಾಗಿದ್ದರೆ ಆಧಾರ ಬದಲಾದರೆ ವರ್ತನೆ ಬದಲಾಗಬೇಕು. ಅದೇ ಗಾತ್ರದ ಕಣಗಳನ್ನು ಸಿಲಿಕಾದ ಮೇಲೆ, ಇಂಗಾಲದ ಮೇಲೆ ತಯಾರಿಸಿ ಇಡೀ ಸರಣಿಯನ್ನು ಮತ್ತೆ ತೆಗೆಯಿರಿ. ಸಿಲಿಕಾದ ವಿದ್ಯುದಂಶರಹಿತ ಬಿಂದು ಅಲ್ಯೂಮಿನಾಕ್ಕಿಂತ ಬಹಳ ಕೆಳಗಿದೆ, ಹಾಗಾಗಿ ಎರಡನೆಯ ಹಂತದ ಲವಣವನ್ನೂ ದ್ರಾವಣವನ್ನೂ ಅದಕ್ಕೆ ತಕ್ಕಂತೆ ಬದಲಾಯಿಸಬೇಕಾಗುತ್ತದೆ.

ಟೈಟಾನಿಯಂ ಡೈಆಕ್ಸೈಡ್ ಬಳಸುವವರು ಇನ್ನೂ ಎಚ್ಚರದಿಂದಿರಬೇಕು. 1978ರಲ್ಲಿ ಟೌಸ್ಟರ್ ಮತ್ತು ಸಂಗಡಿಗರು ಕಂಡಂತೆ, ಅದರ ಮೇಲಿನ ಪ್ಲಾಟಿನಂ 200 ಡಿಗ್ರಿಯಲ್ಲಿ ಅಪಕರ್ಷಿಸಿದಾಗ ಹೈಡ್ರೋಜನ್ ಮತ್ತು ಕಾರ್ಬನ್ ಮಾನಾಕ್ಸೈಡ್ ಎರಡನ್ನೂ ಎಂದಿನಂತೆ ಹಿಡಿಯುತ್ತದೆ. 500 ಡಿಗ್ರಿಯಲ್ಲಿ ಅಪಕರ್ಷಿಸಿದರೆ ಎರಡನ್ನೂ ಬಹುತೇಕ ಹಿಡಿಯುವುದೇ ಇಲ್ಲ. ಕಣ ದಪ್ಪಗಾದದ್ದರಿಂದಲ್ಲ, ಆಕ್ಸಿಜನ್ ಕಳೆದುಕೊಂಡ ಟೈಟಾನಿಯಂ ಆಕ್ಸೈಡ್ ತೆಳ್ಳಗೆ ಹರಿದು ಕಣವನ್ನು ಮುಚ್ಚುತ್ತದೆ. ಆಕ್ಸಿಜನ್‌ನಲ್ಲಿ ಕಾಯಿಸಿ ಮತ್ತೆ ಕಡಿಮೆ ತಾಪಮಾನದಲ್ಲಿ ಅಪಕರ್ಷಿಸಿದರೆ ಮುಸುಕು ಸರಿಯುತ್ತದೆ. ನಿಮ್ಮ ತಾಪಮಾನದ ಏಣಿ ಈ ಎರಡು ಅಂಕಿಗಳ ನಡುವೆ ಹಾದುಹೋದರೆ, ಮೇಲಿನ ಮೆಟ್ಟಿಲುಗಳಲ್ಲಿ ನೀವು ಅಳೆಯುತ್ತಿರುವುದು ಬೇರೆಯೇ ವಸ್ತುವನ್ನು.

ಅನಿಲವೂ ಆಕಾರವನ್ನು ಬದಲಿಸುತ್ತದೆ. 2002ರಲ್ಲಿ ಹ್ಯಾನ್ಸನ್ ಮತ್ತು ಸಂಗಡಿಗರು ಸತುವಿನ ಆಕ್ಸೈಡ್ ಮೇಲಿನ ತಾಮ್ರದ ಕಣಗಳನ್ನು ಅನಿಲದೊಳಗೇ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹೈಡ್ರೋಜನ್‌ಗೆ ನೀರಾವಿ ಸೇರಿಸಿದಾಗ ಕಣ ಗುಂಡಗಾಯಿತು, ಕಾರ್ಬನ್ ಮಾನಾಕ್ಸೈಡ್ ಸೇರಿಸಿದಾಗ ಚಪ್ಪಟೆಯಾಗಿ ಹರಡಿಕೊಂಡಿತು, ಅನಿಲ ಬದಲಿಸಿದರೆ ಮರಳಿತು. ಒಂದೇ ಪರಮಾಣುಗಳು ಗುಂಡಾಗಿ ನಿಂತಾಗಿನ ನೆರೆಯ ಸಂಖ್ಯೆಗೂ ಚಪ್ಪಟೆ ಮಲಗಿದಾಗಿನ ಸಂಖ್ಯೆಗೂ ಎಷ್ಟು ಅಂತರವಿದೆ ಎಂಬುದನ್ನು ಮೂರನೆಯ ಹಂತದಲ್ಲಿ ಲೆಕ್ಕ ಹಾಕಿದ್ದೇವೆ. ಹಾಗಾಗಿ ಸರಣಿಯಲ್ಲಿ ನೆರೆಯ ಸಂಖ್ಯೆ ಇಳಿದು ಮತ್ತೆ ಏರಿದ್ದು ಕಂಡರೆ ಅಳತೆಯ ದೋಷವೆಂದು ಅದನ್ನು ಬದಿಗಿಡಬೇಡಿ. ದಿನಚರಿ ತೆರೆದು ಆ ಗಂಟೆಯಲ್ಲಿ ಯಾವ ಅನಿಲ ಹರಿಯುತ್ತಿತ್ತು ಎಂದು ನೋಡಿ.